ಅಳಿವೆಯ ಬೀಸು

ನಮ್ಮವರ ಕೋಣೆಯಲ್ಲಿ ಒಂದು ದೀಪ ಇತ್ತು. ಕೋಣೆ ಅಂದರೆ ಮನೆಯದ್ದಲ್ಲ, ವಿಮಾನ ಇಳಿಯುವ ಪಟ್ಟಿಯ ಪಕ್ಕದಲ್ಲಿ ತಗಡು ಹೊದಿಸಿ ಕಟ್ಟಿದ ವಯರ್‌ಲೆಸ್ ಕೋಣೆ. ದೀಪವನ್ನು ಬಂದೂಕಿನ ಹಾಗೆ ಹಿಡಿಯಬೇಕು. ಮೇಲೊಂದು ಸಣ್ಣ ಕೊಳವೆ, ಅದರಲ್ಲಿ ಕಣ್ಣಿಟ್ಟು ವಿಮಾನಕ್ಕೆ ಗುರಿ ಹಿಡಿಯುವುದು. ಒಂದು ಗುಂಡಿ ಒತ್ತಿದರೆ ಕೆಂಪು, ಇನ್ನೊಂದು ಒತ್ತಿದರೆ ಹಸಿರು. ಅದನ್ನು ನಿಜವಾದ ಕೆಲಸಕ್ಕೆ ಯಾರೂ ಮುಟ್ಟಿದ್ದಿಲ್ಲ. ಆದರೂ ನಮ್ಮವರು ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ಗಾಜು ಒರೆಸಿ, ಗೋಡೆಗೆ ಬೆಳಕು ಬಿಟ್ಟು ನೋಡಿ, ಪುನಃ ಮೊಳೆಗೆ ತೂಗು ಹಾಕುತ್ತಿದ್ದರು.

"ಎಂತಕ್ಕೆ ಅದು? ಮಾತಾಡ್ಲಿಕ್ಕೆ ವಯರ್‌ಲೆಸ್ ಉಂಟಲ್ಲ," ಅಂತ ಒಮ್ಮೆ ಕೇಳಿದ್ದೆ.

"ವಯರ್‌ಲೆಸ್ಸಿಗೆ ಗಂಟಲು ಕಟ್ಟಿದರೆ?" ಅಂದರು.

ಸೌದಿಯ ಬುರೈದಾದಿಂದ ತುಂಬ ಒಳಗೆ ಒಂದು ದೊಡ್ಡ ಮಝ್ರಾ ಅದು, ನಮ್ಮ ಮಾತಿನಲ್ಲಿ ಹೇಳುವುದಾದರೆ ಬೇಸಾಯದ ತೋಟ. ಎಂಬತ್ತೈದರ ಆಸುಪಾಸು. ಮರಳಿನಲ್ಲಿ ನೀರೆತ್ತಿ ಗೋಧಿ ಬೆಳೆಸುತ್ತಿದ್ದ ಕಾಲ. ಹೊಲಗಳು ಚಕ್ರದ ಹಾಗೆ ದುಂಡಗೆ ಇದ್ದವು. ಅಷ್ಟು ದೊಡ್ಡ ಹೊಲಕ್ಕೆ ಔಷಧಿ, ಗೊಬ್ಬರದ ನೀರು ಹೊಡೆಯಲು ಒಂದು ಸಣ್ಣ ವಿಮಾನ, ರಿಯಾದಿಗೆ ಹೋಗಿಬರಲು ನಾಲ್ಕು ಜನ ಕೂರುವ ಇನ್ನೊಂದು. ಎರಡನ್ನೂ ಹಾರಿಸುವವನು ಒಬ್ಬನೇ, ಮಿಸ್ರ್, ಅಂದರೆ ಈಜಿಪ್ಟ್ ದೇಶದ ಕ್ಯಾಪ್ಟನ್. ಗಿಡ್ಡ, ದಪ್ಪ, ಬಾಯಿ ತುಂಬ ನಗುವವನು. ಇಳಿಯುವ ಪಟ್ಟಿಯ ಒಂದು ಮಗ್ಗುಲಿಗೆ ಗೋಧಿ, ಇನ್ನೊಂದು ಮಗ್ಗುಲಿಗೆ ಖರ್ಜೂರದ ಸಾಲು. ನಮ್ಮವರು, ಅಬ್ದುಲ್ಲ ಕುಂಞಿ, ಅವರದ್ದು ಆ ತಗಡಿನ ಕೋಣೆಯಲ್ಲಿ ಕೂತು ವಿಮಾನದ ಜೊತೆ ಮಾತಾಡುವ ಕೆಲಸ.

ನಮ್ಮ ಗೋಡೆಗೆ ಗೋಡೆ ತಾಗಿದ ಕೋಣೆಯಲ್ಲಿ ಮೊಯ್ದು ಮತ್ತು ಅವನ ಹೆಂಡತಿ ಮೈಮೂನತ್ ಇದ್ದರು. ಇಬ್ಬರೂ ಉಳ್ಳಾಲದ ಕಡೆ, ಹೊಳೆ ಕಡಲು ಸೇರುವ ಅಳಿವೆಯ ಬದಿಯವರು. ಮೊಯ್ದುವಿನ ಕೆಲಸ ಬಾವುಟ ಹಿಡಿಯುವುದು. ಔಷಧಿ ಹೊಡೆಯುವಾಗ ಹೊಲದ ತುದಿಯಲ್ಲಿ ಒಬ್ಬ ಕಿತ್ತಳೆ ಬಾವುಟ ಬೀಸುತ್ತ ನಿಲ್ಲಬೇಕು. ಮೇಲಿರುವವನು ಅವನನ್ನೇ ಗುರಿ ಮಾಡಿ ನೇರ ಬರುತ್ತಾನೆ. ವಿಮಾನ ತಲೆಯ ಮೇಲೆ ಬರುವ ಮೊದಲು ಇವನು ಮುಂದಿನ ಸಾಲಿಗೆ ಓಡಬೇಕು. ಹೊಲ ಹೊಲಿದ ಹಾಗೆ ಕಾಣುತ್ತಿತ್ತು ನನಗೆ, ಮೇಲೊಬ್ಬ ಸೂಜಿ, ಕೆಳಗೊಬ್ಬ ಬೆರಳು. ಎಷ್ಟು ಹೊತ್ತು ನೋಡಿದರೂ ಸಾಕಾಗುತ್ತಿರಲಿಲ್ಲ.

ಆದರೆ ಮೊಯ್ದು ಮೊದಲ ದಿನ ಮಾಡಿದ ಎಡವಟ್ಟನ್ನು ಇಡೀ ಮಝ್ರಾ ಹೇಳಿ ನಗುತ್ತಿತ್ತು. ಅವನ ಊರಿನ ಅಳಿವೆಯಲ್ಲಿ ದೋಣಿ ಒಳಗೆ ಬರುವಾಗ ದಡದಲ್ಲೊಬ್ಬ ನಿಂತು ತಲೆಬಟ್ಟೆ ಬಿಚ್ಚಿ ಬೀಸುತ್ತಾನಂತೆ. ಬೀಸುವುದು ಮರಳು ಸೇರಿ ಆಳ ಕಡಿಮೆಯಾದ ಕಡೆ. ಇಲ್ಲಿ ಬರಬೇಡ, ಕೂತುಹೋಗುತ್ತೀ ಅಂತ ಅರ್ಥ. ಬಟ್ಟೆ ಬೀಸದೆ ಎತ್ತಿ ಹಿಡಿದು ನಿಂತರೆ, ಬಾ, ನನ್ನ ಎದುರಿಗೇ ಬಾ. ಮೊಯ್ದು ಹುಟ್ಟಿದಾರಭ್ಯ ಅದನ್ನೇ ಕಂಡವನು. ಹೊಲದ ನಡುವೆ ಒಂದು ಪಂಪಿನ ಮನೆ ಇತ್ತು. ಕ್ಯಾಪ್ಟನ್ ಅದಕ್ಕೆ ಬಡಿಯದಿರಲಿ ಅಂತ ಇವನು ಒಳ್ಳೆ ಮನಸ್ಸಿನಿಂದ ಅದರ ಪಕ್ಕ ಹೋಗಿ ಬಾವುಟ ಬೀಸಿದ. ಕ್ಯಾಪ್ಟನ್ ಸೀದಾ ಪಂಪಿನ ಮನೆಗೇ ಬಂದ. ಕೊನೆಗೆ ಹೇಗೋ ಮೇಲಕ್ಕೆತ್ತಿದ, ಆದರೆ ತೊಟ್ಟಿಯಲ್ಲಿದ್ದ ಗೊಬ್ಬರದ ನೀರೆಲ್ಲ ಮೊಯ್ದುವಿನ ತಲೆಯ ಮೇಲೆ.

ಇಳಿದು ಬಂದ ಕ್ಯಾಪ್ಟನ್ ಕೂಗಾಡಲಿಲ್ಲ. ಮೈಯೆಲ್ಲ ತೊಟ್ಟಿಕ್ಕುತ್ತಿದ್ದ ಮೊಯ್ದುವನ್ನು ಕೂರಿಸಿ, ಯಾಕೆ ಹಾಗೆ ಮಾಡಿದೆ ಅಂತ ಕೇಳಿ, ಅಳಿವೆಯ ಕತೆಯನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ: "ನಿನ್ನ ನೀರಿನಲ್ಲಿ ಸರಿ ಇರಬಹುದು ಮೊಯ್ದು. ಗಾಳಿಯಲ್ಲಿ ಬೀಸಿದ ಕೈ ಅಂದರೆ ಕರೆಯುವ ಕೈ."

ಅಂದಿನಿಂದ ಮೊಯ್ದು ಒಮ್ಮೆಯೂ ತಪ್ಪಲಿಲ್ಲ. ಮೈಮೂನತ್ ಮಾತ್ರ ಬಿಡುತ್ತಿರಲಿಲ್ಲ. "ಗೊಬ್ಬರ ಬಿದ್ದದ್ದು ಒಳ್ಳೇದಾಯ್ತು, ಕೂದಲಾದರೂ ಬರ್ತದಾ ನೋಡುವ," ಅನ್ನುತ್ತಿದ್ದಳು.

ಅವಳಿಗೆ ಪಿತ್ತಕೋಶದಲ್ಲಿ ಕಲ್ಲು ಅಂತ ರಿಯಾದಿನಲ್ಲಿ ಆಪರೇಷನ್ ಆಯಿತು. ಅಲ್ಲಿ ಟೈಲರ್ ಆಗಿದ್ದ ಅವಳ ಅಣ್ಣ ಕೋಯ ನೋಡಿಕೊಂಡ. ಹೊಲಿಗೆ ಇನ್ನೂ ಹಸಿ ಇರುವಾಗ ಮರಳು ದಾರಿಯಲ್ಲಿ ಪಿಕಪ್ಪಿನ ಕುಲುಕಾಟ ಬೇಡ, ಸಾಮಾನು ತರಲು ಹೋದಾಗ ಅಣ್ಣತಂಗಿ ಇಬ್ಬರನ್ನೂ ನಾನೇ ಕರೆತರುತ್ತೇನೆ ಅಂದ ಕ್ಯಾಪ್ಟನ್. ಆ ದಿನ ನಾನು ಗಂಜಿ ಮಾಡಿ ಪಾತ್ರೆಗೆ ಬಟ್ಟೆ ಸುತ್ತಿಕೊಂಡು ನಮ್ಮವರ ಕೋಣೆಯಲ್ಲೇ ಕಾದು ಕೂತೆ.

ಮಧ್ಯಾಹ್ನ ಪಟ್ಟಿಯ ಅಡಿಯಲ್ಲಿ ಹೋಗುವ ನೀರಿನ ಪೈಪು ಒಡೆದಿತ್ತು. ನೀರು ನಿಲ್ಲಿಸುವಷ್ಟರಲ್ಲಿ ಪಟ್ಟಿಯಲ್ಲಿ ಗೋಧಿಯ ಮಗ್ಗುಲು ಉದ್ದಕ್ಕೂ ಕೆಸರು. ಖರ್ಜೂರದ ಮಗ್ಗುಲು ಒಣಗಿಯೇ ಇತ್ತು, ವಿಮಾನ ಇಳಿಯುವಷ್ಟು ಅಗಲವೂ ಇತ್ತು. "ಒಂದು ಮಾತು ಹೇಳಿದರೆ ಮುಗೀತು, ಖರ್ಜೂರದ ಕಡೆ ಇಳಿ ಅಂತ," ಅಂದರು ನಮ್ಮವರು. ಅಷ್ಟರಲ್ಲಿ ಗಾಳಿ ಎದ್ದು ಕೆಸರಿನ ಮೇಲೆ ಧೂಳು ಹರಡಿತು. ಎದುರಿಗೆ ನಿಂತು ನೋಡಿದರೂ ಒದ್ದೆ ಯಾವುದು, ಒಣ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ.

ಸಂಜೆಯ ಅಸರ್ ನಮಾಜು ಕಳೆದು ಸ್ವಲ್ಪ ಹೊತ್ತಿಗೆ ವಿಮಾನ ಕಂಡಿತು. ನಮ್ಮವರು ಮೈಕು ಹಿಡಿದು ಕರೆದರು. ಉತ್ತರ ಇಲ್ಲ. ಇನ್ನೊಮ್ಮೆ ಕರೆದರು. ಗರ್ ಅನ್ನುವ ಸದ್ದು ಕೂಡ ಇಲ್ಲ.

ವಿಮಾನ ನಮ್ಮ ತಗಡಿನ ಮೇಲೇ ಹಾದುಹೋಯಿತು. ಹೋಗುವಾಗ ರೆಕ್ಕೆಗಳನ್ನು ಆ ಕಡೆ ಈ ಕಡೆ ವಾಲಿಸಿತು, ಕುತ್ತಿಗೆ ನೋಯುವವರು ತಲೆ ಆಡಿಸುವ ಹಾಗೆ.

"ಅವನ ವಯರ್‌ಲೆಸ್ ಸತ್ತಿದೆ," ಅಂದರು ನಮ್ಮವರು. "ನಿನ್ನನ್ನು ಕಂಡೆ, ಮಾತಾಡಲಿಕ್ಕೆ ಆಗ್ತಾ ಇಲ್ಲ ಅಂತ ಹೇಳಿ ಹೋದ."

"ಹಾಗಾದರೆ ನೀವು ಮೈಕಿನಲ್ಲಿ ಯಾರ ಹತ್ತಿರ ಮಾತಾಡುವುದು?"

"ಬಾಯಿ ಸತ್ತದ್ದು ಗೊತ್ತು. ಕಿವಿ ಸತ್ತಿದೆ ಅಂತ ಯಾರು ಹೇಳಿದ್ದು? ಕೇಳ್ತಿದ್ದರೆ ಕೇಳಲಿ. ಉತ್ತರ ಬರುವವರೆಗೆ ಹೇಳ್ತಾ ಇರಬೇಕು."

ಒಂದು ಕೈಯಲ್ಲಿ ಮೈಕು ಹಿಡಿದುಕೊಂಡೇ ಇನ್ನೊಂದರಲ್ಲಿ ದೀಪವನ್ನು ಮೊಳೆಯಿಂದ ತೆಗೆದು ಬಾಗಿಲಿಗೆ ಬಂದರು. ಕೆಂಪು ಬಿಟ್ಟರು. ಸುತ್ತುತ್ತಾ ಇರು, ಇಳಿಯಬೇಡ. ಆಕಾಶದಲ್ಲಿ ರೆಕ್ಕೆ ವಾಲಿತು. ಮಾತಿಲ್ಲ, ಹೆಸರು ಕರೆದದ್ದಿಲ್ಲ. ಇಷ್ಟು ದೂರದಿಂದ ಒಂದು ಕೆಂಪು ಚುಕ್ಕೆ ಕೇಳುತ್ತದೆ, ಅಷ್ಟು ಎತ್ತರದಿಂದ ಒಂದು ಕಬ್ಬಿಣದ ಹಕ್ಕಿ ಹೂಂ ಅನ್ನುತ್ತದೆ. ನನಗೆ, ಇದನ್ನು ಯೋಚಿಸಿ ಇಟ್ಟವರು ಯಾರಪ್ಪ, ಅವರ ಹೊಟ್ಟೆ ತಂಪಾಗಿರಲಿ ಅನ್ನಿಸಿತು.

ಆದರೆ ದೀಪಕ್ಕೆ ಬರುವುದು ನಾಲ್ಕು ಮಾತು. ಇಳಿ ಅನ್ನಬಹುದು, ಇಳಿಯಬೇಡ ಅನ್ನಬಹುದು. ಖರ್ಜೂರದ ಮಗ್ಗುಲಿಗೆ ಇಳಿ ಅನ್ನಲು ಅದಕ್ಕೆ ಬಾಯಿ ಇಲ್ಲ. ಬುರೈದಾ ಕಡೆ ಧೂಳು ಗೋಡೆಯ ಹಾಗೆ ಎದ್ದಿತ್ತು, ಅಲ್ಲಿಗೆ ಹೋಗು ಅನ್ನುವ ಹಾಗಿಲ್ಲ. ಎಣ್ಣೆಯೂ ಹೆಚ್ಚು ಉಳಿದಿರಲಿಕ್ಕಿಲ್ಲ ಅಂದರು. ನಮ್ಮ ಪಟ್ಟಿಗೆ ದೀಪಗಳಿಲ್ಲ, ಕತ್ತಲಾಗುವ ಮೊದಲು ಇಳಿಯಲೇಬೇಕು. ಕೆಸರಿಗೆ ಚಕ್ರ ಸಿಕ್ಕಿದರೆ ವಿಮಾನ ಮಗುಚುತ್ತದೆ. ಒಳಗೆ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವಳು.

ಮೊಯ್ದು ಓಡಿ ಬಂದ. ಮುಖದಲ್ಲಿ ರಕ್ತ ಇಲ್ಲ.

"ಅಬ್ದುಲ್ಲಾಕ, ಎಂತ ಮಾಡುವುದು?"

"ನೀನು ಖರ್ಜೂರದ ಮಗ್ಗುಲಿಗೆ ಹೋಗಿ ಬಾವುಟ ಬೀಸು. ದಿನಾ ಮಾಡಿದ ಹಾಗೆ. ಅವನು ನಿನ್ನನ್ನೇ ನೋಡಿ ಬರ್ತಾನೆ. ನೀನು ನಿಂತ ಮೇಲೆ ನಾನು ಹಸಿರು ಕೊಡ್ತೇನೆ."

"ಬಾವುಟ ಪಿಕಪ್ಪಿನಲ್ಲಿ ಹೋಯ್ತು ಮಾರಾಯ್ರೇ, ಆಚೆ ಹೊಲಕ್ಕೆ."

"ತಲೆಬಟ್ಟೆ ಉಂಟಲ್ಲ. ಯಲ್ಲಾ, ಓಡು."

ಓಡಿದ. ಖರ್ಜೂರದ ಮಗ್ಗುಲಿಗೇ ಹೋಗಿ ನಿಂತ, ನಾನೂ ಕಂಡೆ. ನಮ್ಮವರು ಹಸಿರು ಬಿಟ್ಟರು. ರೆಕ್ಕೆ ವಾಲಿತು. ವಿಮಾನ ದೂರ ಹೋಗಿ, ತಿರುಗಿ, ಮೂಗು ತಗ್ಗಿಸಿಕೊಂಡು ಬರತೊಡಗಿತು.

ಆಗ ಮೊಯ್ದು ಪಟ್ಟಿಯನ್ನು ಅಡ್ಡ ದಾಟಿ ಗೋಧಿಯ ಕಡೆಗೆ ಓಡಿದ. ಕೆಸರಿನ ಅಂಚಿಗೆ ನಿಂತು, ತಲೆಬಟ್ಟೆ ಬಿಚ್ಚಿ, ಇಡೀ ಮೈಯಿಂದ ಬೀಸತೊಡಗಿದ.

"ಇವನೆಂತ ಮಾಡ್ತಿದ್ದಾನೆ?" ಅಂದೆ.

ನಮ್ಮವರು ಬಾಗಿಲಿನಿಂದ ಹೊರಕ್ಕೆ ಬಗ್ಗಿ ನೋಡಿದರು. "ಅಳಿವೆ," ಅಂದರು. "ಅವನಿಗೆ ಇದು ಅಳಿವೆ ಆಯ್ತು."

ಹೆಂಡತಿ ಮೇಲಿದ್ದಾಳೆ, ಕಾಲ ಬುಡದಲ್ಲಿ ಕೆಸರಿದೆ. ಎಷ್ಟೋ ತಿಂಗಳು ಬಾವುಟ ಹಿಡಿದು ಕಲಿತದ್ದೆಲ್ಲ ಹೋಗಿ, ಅಪ್ಪ ಅಜ್ಜ ದಡದಲ್ಲಿ ಮಾಡಿದ್ದನ್ನೇ ಅವನ ಕೈ ಮಾಡುತ್ತಿತ್ತು. ಇಲ್ಲಿ ಬರಬೇಡ, ಇಲ್ಲಿ ಬರಬೇಡ. ಮೇಲಿದ್ದವನಿಗೆ ಅದು, ಇಲ್ಲಿ ಬಾ.

ವಿಮಾನದ ಮೂಗು ಮೆಲ್ಲಗೆ ಗೋಧಿಯ ಕಡೆಗೆ ತಿರುಗಿತು.

ನಮ್ಮವರು ಕೆಂಪು ಬಿಟ್ಟರು. ಆದರೆ ನಮ್ಮ ಕೋಣೆ ಈಗ ಕ್ಯಾಪ್ಟನ್ನನ ಎದುರಿಗಿಲ್ಲದೆ ಬದಿಗೆ ಬಿದ್ದಿತ್ತು. ಬೆಳಕು ನೋಡುವ ಕಣ್ಣಿಗಷ್ಟೇ ಬೆಳಕು. ಅವನ ಕಣ್ಣು ಆ ಬಟ್ಟೆಯ ಮೇಲೆ ಇತ್ತು. ಇವರು ದೀಪವನ್ನು ಇಳಿಸದೆ, ಮೈಕನ್ನು ಬಾಯಿಗಿಟ್ಟುಕೊಂಡು, ಏರದ ಇಳಿಯದ ಒಂದೇ ದನಿಯಲ್ಲಿ ಹೇಳುತ್ತಲೇ ಹೋದರು. ಖರ್ಜೂರದ ಮಗ್ಗುಲು. ಗೋಧಿಯ ಮಗ್ಗುಲು ಕೆಸರು. ಖರ್ಜೂರದ ಮಗ್ಗುಲು. ಮಗುವನ್ನು ಮಲಗಿಸುವ ಹಾಗಿತ್ತು ಆ ದನಿ. ನಾನು ಗಂಜಿಯ ಪಾತ್ರೆಯನ್ನು ಎದೆಗೆ ಒತ್ತಿಕೊಂಡಿದ್ದೆ, ಅದು ಸುಡುತ್ತಿತ್ತು ಅಂತ ಆಮೇಲೆ ಗೊತ್ತಾಯಿತು.

ವಿಮಾನ ಖರ್ಜೂರದ ತಲೆಗಳಷ್ಟು ಎತ್ತರಕ್ಕೆ ಬಂದಿತ್ತು. ಆಗ ಯಾರೋ ಕಿವಿ ಹಿಡಿದು ಎಳೆದ ಹಾಗೆ ಒಂದು ಬದಿಗೆ ವಾಲಿತು. ಒಂದು ರೆಕ್ಕೆ ನೆಲಕ್ಕೆ ತಾಗಿಯೇ ಬಿಟ್ಟಿತು ಅಂದುಕೊಂಡೆ. ತಾಗಲಿಲ್ಲ. ಪಟ್ಟಿಯ ಮೇಲೆ ಅಡ್ಡಕ್ಕೆ ಜಾರಿ, ನೇರವಾಗಿ, ಖರ್ಜೂರದ ಮಗ್ಗುಲಿಗೆ ಒಂದು ಚಕ್ರ ಊರಿತು, ಮತ್ತೆ ಇನ್ನೊಂದು. ಒಣ ಧೂಳು ಮೇಲೆದ್ದು ಎಲ್ಲವನ್ನೂ ಮುಚ್ಚಿತು.

ಧೂಳು ಇಳಿದಾಗ ವಿಮಾನ ಪಟ್ಟಿಯ ಕೊನೆಯಲ್ಲಿ ನೆಟ್ಟಗೆ ನಿಂತಿತ್ತು. ಮೊಯ್ದು ಕೆಸರಿನಲ್ಲಿ ಕೂತುಬಿಟ್ಟಿದ್ದ.

ನಾನು ಓಡಿದೆ. ಮೊದಲು ಇಳಿದವನು ಕೋಯ, ಮುಖ ಸೋರೆಕಾಯಿಯ ಬಣ್ಣ, ಕೈಯಲ್ಲೊಂದು ಕಾಗದದ ಚೀಲ. ರಿಯಾದಿನಿಂದ ಇಲ್ಲಿಯವರೆಗೂ ಅದರೊಳಗೇ ಮುಖ ಇಟ್ಟಿದ್ದನಂತೆ. ಅವನ ಹಿಂದೆ ಮೈಮೂನತ್, ಹೊಟ್ಟೆಯನ್ನು ಅಂಗೈಯಲ್ಲಿ ಹಿಡಿದುಕೊಂಡು. ನೋವಿನಲ್ಲಿ ಹುಬ್ಬು ಗಂಟಾಗಿತ್ತು, ಆದರೆ ಬಾಯಿ ಸರಿಯಾಗೇ ಇತ್ತು.

"ನೋಡಿ ಅಕ್ಕ, ಇವರು ಅಲ್ಲಿ ನಿಂತು ಬೀಸುವುದು, ಈ ಮನುಷ್ಯ ಸೀದಾ ಅಲ್ಲಿಗೇ ಹೋಗುವುದು. ನಾನು ಹಿಂದಿನಿಂದ ಇವನ ಹೆಗಲಿಗೆ ಗುದ್ದಿದೆ. ಮಾಫಿ, ಮಾಫಿ, ರಮ್ಲ್, ರಮ್ಲ್ ಅಂದೆ."

ಮಾಫಿ ಅಂದರೆ ಇಲ್ಲ, ರಮ್ಲ್ ಅಂದರೆ ಮರಳು. ಅವಳಿಗೆ ಗೊತ್ತಿದ್ದ ಅರಬಿ ಅಷ್ಟೇ. ಅಳಿವೆಯಲ್ಲಿ ಬೀಸಿದ ಕಡೆ ಇರುವುದು ಮರಳೇ ಅಲ್ಲವೇ.

ಕ್ಯಾಪ್ಟನ್ ಬೆವರು ಒರೆಸಿಕೊಳ್ಳುತ್ತ ಇಳಿದ. ಹೆಗಲು ಉಜ್ಜಿಕೊಂಡ.

"ಇಡೀ ದೇಶವೇ ಮರಳು," ಅಂದ. "ಈ ಹೆಂಗಸು ಮರಳು ಅಂತ ಬೈದರೆ ನಾನು ಎಲ್ಲಿ ಇಳಿಯಲಿ? ಹೆದರಿ ಕಿರುಚುವವರನ್ನು ನಾನು ತುಂಬ ನೋಡಿದ್ದೇನೆ, ಅವರ ಮಾತು ಕೇಳುವುದಿಲ್ಲ. ಇವಳು ಕಿರುಚಲಿಲ್ಲ. ಹಾದಿ ತಪ್ಪಿದ ಆಡನ್ನು ಬೈಯುವ ಹಾಗೆ ಬೈದಳು. ಆಗ ನೆನಪಾಯಿತು, ಪಂಪಿನ ಮನೆ."

ಅಷ್ಟು ಕೆಳಗೆ ಬಂದ ಮೇಲೆ, ಅಷ್ಟೇ ಹೊತ್ತಿನಲ್ಲಿ, ಹಳೆಯದೊಂದು ಮಾತನ್ನು ನೆನೆದು, ನಂಬಿ, ಆ ವಿಮಾನವನ್ನು ಅಡ್ಡಕ್ಕೆ ಸರಿಸಿದ ಕೈ ಅವನದು. ಅದನ್ನು ಅವನು ಹೇಳಲಿಲ್ಲ. ಎಷ್ಟೋ ದಿನಗಳ ನಂತರ ನಮ್ಮವರು ನನಗೆ ಬಿಡಿಸಿ ಹೇಳಿದರು, ಹಾಗೆ ಮಾಡಲು ಎಷ್ಟು ಧೈರ್ಯ ಬೇಕು ಅಂತ.

ಮೊಯ್ದು ಎದ್ದು ಬಂದ. ಸೊಂಟದವರೆಗೆ ಕೆಸರು. ಹೆಂಡತಿಯ ಮುಖ ನೋಡಲಿಲ್ಲ, ಕ್ಯಾಪ್ಟನ್ನನ ಮುಖವನ್ನೂ ನೋಡಲಿಲ್ಲ.

"ಮರೆತುಹೋಯ್ತು," ಅಂದ. "ಎಲ್ಲ ಗೊತ್ತಿತ್ತು. ಕೈಗೆ ಮರೆತುಹೋಯ್ತು."

ಕ್ಯಾಪ್ಟನ್ ಅವನ ಕೈಯಿಂದ ಒದ್ದೆ ತಲೆಬಟ್ಟೆಯನ್ನು ತೆಗೆದುಕೊಂಡು, ಎರಡು ತುದಿ ಹಿಡಿದು, ಅಲುಗಾಡದೆ ತಲೆಯ ಮೇಲೆ ಎತ್ತಿದ. "ಇದು? ನಿನ್ನ ಅಳಿವೆಯಲ್ಲಿ ಇದಕ್ಕೆ ಏನು ಅರ್ಥ?"

"ಬಾ, ನನ್ನ ಎದುರಿಗೆ ಬಾ."

"ನನಗೂ ಅದೇ. ಇನ್ನು ಮೇಲೆ ಬೀಸುವುದು ಬೇಡ. ಒಳ್ಳೆಯ ಜಾಗದಲ್ಲಿ ಹೀಗೆ ಹಿಡಿದು ನಿಲ್ಲು. ನಿನ್ನ ಕೈಗೂ ತಪ್ಪುವುದಿಲ್ಲ, ನನ್ನ ಕಣ್ಣಿಗೂ ತಪ್ಪುವುದಿಲ್ಲ."

ಮೊಯ್ದು ತಲೆ ಆಡಿಸಿದ. ಮೈಮೂನತ್ ಆಗ ಹೇಳಿದಳು, "ಸಾಕು, ನಡೀರಿ. ಮೊದಲು ಸ್ನಾನ ಮಾಡಿ. ಈ ಸಲ ಗೊಬ್ಬರ ಅಲ್ಲ, ಕೆಸರು, ಇದರಲ್ಲಿ ಕೂದಲು ಬರುವುದಿಲ್ಲ." ಹೇಳುತ್ತ ಅವನ ಕೆಸರು ಮೆತ್ತಿದ ತೋಳನ್ನು ಹಿಡಿದುಕೊಂಡವಳು ಕೋಣೆ ಮುಟ್ಟುವವರೆಗೆ ಬಿಡಲಿಲ್ಲ. ಗಂಜಿಯ ಪಾತ್ರೆಯನ್ನು ಕೋಯನ ಕೈಗೆ ಕೊಟ್ಟೆ. ಅವನು ಅದನ್ನು ಮೂಗಿನಿಂದ ದೂರ ಹಿಡಿದು ಅವರ ಹಿಂದೆ ಹೋದ.

ನಾನೂ ಕ್ಯಾಪ್ಟನ್ನೂ ತಗಡಿನ ಕೋಣೆಯ ಕಡೆಗೆ ನಡೆದೆವು. ದೂರದಿಂದಲೇ ಒಳಗಿನ ದನಿ ಕೇಳಿಸಿತು. ವಿಮಾನ ನಿಂತದ್ದನ್ನು ಅವರು ನೋಡಿದ್ದರು, ಜನ ಇಳಿದದ್ದನ್ನೂ ನೋಡಿದ್ದರು. ಆದರೂ ಉತ್ತರ ಬಂದಿರಲಿಲ್ಲವಲ್ಲ, ಮೈಕು ಬಾಯಿಯ ಹತ್ತಿರವೇ ಇತ್ತು, ದೀಪ ಮಡಿಲಲ್ಲಿತ್ತು. ಖರ್ಜೂರದ ಮಗ್ಗುಲು. ಗೋಧಿಯ ಮಗ್ಗುಲು ಕೆಸರು.

ಕ್ಯಾಪ್ಟನ್ ನಗಲಿಲ್ಲ. ಕಿಟಕಿಯ ಹೊರಗೆ ನೆಟ್ಟಗೆ ನಿಂತು, ಆಕಾಶದಿಂದ ಮಾತಾಡುವಾಗ ಹೇಗೆ ಹೇಳುತ್ತಿದ್ದನೋ ಹಾಗೆಯೇ, ಒಂದೊಂದೇ ಮಾತು ಬಿಡಿಸಿ ಹೇಳಿದ.

"ಕೇಳಿಸಿತು, ಅಬ್ದುಲ್ಲ. ಖರ್ಜೂರದ ಮಗ್ಗುಲು. ಇಳಿದಿದ್ದೇನೆ."

ನಮ್ಮವರು ಮೈಕು ಕೆಳಗಿಟ್ಟರು. ಆಮೇಲೆ, ಶುಕ್ರವಾರ ಅಲ್ಲದಿದ್ದರೂ, ದೀಪದ ಗಾಜನ್ನು ಒರೆಸಿ ಮೊಳೆಗೆ ತೂಗು ಹಾಕಿದರು.