ನೂರು ಹೆಜ್ಜೆಗೆ ನೂರು ಮೀಟರು

ಸುಣ್ಣ ಮೆತ್ತಿದ ಕಾಲಿನ ಹೆಬ್ಬೆರಳು, ಮೊಮ್ಮಗಳು ಗೆರೆ ದಾಟಿ ಚಿಮ್ಮಿದಾಗ ಅವನಿಗೆ ಕಂಡದ್ದು ಅದೊಂದೇ, ಆಮೇಲೆ ಡ್ರಿಲ್ ಮೇಷ್ಟ್ರ ಕೂಗು, ಇಪ್ಪತ್ತು ವರ್ಷದ ದಾಖಲೆ ಪುಡಿಪುಡಿ ತಾತಾ — ಇಡೀ ಹೈಸ್ಕೂಲಿಗೇ ಅವನು ತಾತ, ಜವಾನ ಅನ್ನುವುದು ಹಾಜರಿ ಪುಸ್ತಕಕ್ಕೆ ಮಾತ್ರ — ಮೈದಾನಕ್ಕೆ ಗೆರೆ ಹಾಕುವವನೂ ಅವನೇ, ಮೂವತ್ತು ವರ್ಷದಿಂದ ಟೇಪು ಮುಟ್ಟಿದವನಲ್ಲ, ಒಂದು ಹೆಜ್ಜೆಗೆ ಒಂದು ಮೀಟರು, ಸೂರ್ಯ ಬೇಕಾದರೆ ಒಂದು ದಿನ ತಡವಾಗಿ ಹುಟ್ಟಿಯಾನು, ಈ ಹೆಜ್ಜೆ ಕೂದಲೆಳೆಯಷ್ಟು ತಪ್ಪದು, ಒಮ್ಮೆ ತಪಾಸಣೆಗೆ ಬಂದ ದೊಡ್ಡ ಸಾಹೇಬರೇ ಅಳೆದು ನೋಡಿದಾಗ ಟೇಪು ನಾಚಿ ತಾನಾಗೇ ಸುತ್ತಿಕೊಂಡಿತಲ್ಲ, ಹೆಂಡತಿಯೊಬ್ಬಳು ನಂಬುವುದಿಲ್ಲ, ಮೈದಾನ ಎಲ್ಲಾ ಅಳೀತೀರಿ, ಅಂಗಡಿಯಿಂದ ಮನೆಗೆ ಬರೋ ದಾರಿ ಮಾತ್ರ ನಿಮ್ಗೆ ಹತ್ತು ಮೈಲಿ — ಆದರೆ ನಿನ್ನೆ ಗೆರೆ ಹಾಕುವಾಗ ಎಡಮಂಡಿ ಚಳಕ್ ಅಂದಿತ್ತು, ಯಾರಿಗೂ ಹೇಳಿಲ್ಲ, ಹೆಜ್ಜೆ ಕುಗ್ಗಿತಾ, ಕುಗ್ಗಿದರೆ ಎಷ್ಟು, ಹುಡುಗಿ ಓಡಿದ್ದು ನೂರೇನಾ, ಮೇಷ್ಟ್ರು ಆಗಲೇ ಜಿಲ್ಲಾ ಪಂದ್ಯಕ್ಕೆ ಅವಳ ಹೆಸರು ಬರೆಯಲು ಪೆನ್ನು ಹುಡುಕುತ್ತಿದ್ದಾರೆ, ಅಲ್ಲಿ ನಿಜವಾದ ನೂರು, ಅಲ್ಲಿ ಆ ಹೆಬ್ಬೆರಳು ಎಲ್ಲರಿಗಿಂತ ಹಿಂದೆ ಬಿದ್ದರೆ — ಸುಮ್ಮನಿದ್ದರೆ ಯಾರಿಗೆ ಗೊತ್ತಾಗತ್ತೆ, ಆದರೂ ತಿಳಿಯಬೇಕಲ್ಲ, ಬೆನ್ನ ನಡುವಿನ ತುರಿಕೆಯ ಹಾಗೆ, ಕೆರೆಯುವ ತನಕ ಬಿಡದು.

ಆಟದ ಸಾಮಾನಿನ ಕೋಣೆ, ಒಡೆದ ಹರ್ಡಲುಗಳು, ಜೇಡದ ಬಲೆಯೊಳಗೆ ನೂರು ಮೀಟರಿನ ಟೇಪು, ಬೆನ್ನಿಗೇ ಬಂದ ಮೊಮ್ಮಗಳು, ಏನ್ ತಾತಾ, ನಿನ್ ಕಾಲಿನ ಮೇಲೆ ನಿಂಗೇ ಅನುಮಾನಾನಾ, ಬಾಯ್ಮುಚ್ಚಿ ತುದಿ ಹಿಡ್ಕೋ ಕಣೇ ಕೋತಿ, ಅವಳನ್ನು ಓಟ ಶುರುವಾಗುವ ಗೆರೆಯಲ್ಲಿ ನಿಲ್ಲಿಸಿ ಕುಂಟುತ್ತ ಹೊರಟ, ಎಂಬತ್ತು, ತೊಂಬತ್ತು, ಮುಗಿಯುವ ಗೆರೆ ಬಂದೇ ಬಿಟ್ಟಿತು, ತೊಂಬತ್ತಾರು, ಅಯ್ಯೋ ನನ್ನ ಮಂಡಿಯೇ, ನಾಲ್ಕು ಮೀಟರು ನುಂಗಿ ನೀರು ಕುಡಿದೆಯಲ್ಲ, ಟೇಪು ಎಳೆದುಕೊಂಡು ಇನ್ನೂ ಮುಂದೆ ಹೋದ, ನೂರು, ಅಲ್ಲೂ ಮಣ್ಣಿನಲ್ಲಿ ಅವಳದೇ ಗುರುತು, ಹಿಮ್ಮಡಿ ಊರಿಲ್ಲ, ಬರೀ ಮುಂಗಾಲು, ಹೆಬ್ಬೆರಳು ಆಳವಾಗಿ ಕಚ್ಚಿದೆ, ಅಂದರೆ ಗೆರೆ ಕಂಡು ನಿಧಾನ ಮಾಡಿದವಳಲ್ಲ, ಹಾಗಾದರೆ ಇಲ್ಲಿಗೆ ಎಷ್ಟು ಸೆಕೆಂಡು, ದಾಖಲೆ ಉಳಿಯಿತೋ ಮುರಿಯಿತೋ, ಯಾವ ಗಡಿಯಾರಕ್ಕೂ ಗೊತ್ತಿಲ್ಲ — ಮೇಷ್ಟ್ರೇ ಹೆಸ್ರು ಬರೀಬೇಡಿ, ಇನ್ನೊಂದ್ ಸಲ ಓಡಿಸಿ, ನನ್ ಹೆಜ್ಜೆ ತಪ್ಪಿದೆ, ಮೂವತ್ತು ವರ್ಷ ನಾಲಿಗೆಗೆ ಬಾರದ ಮಾತು ಇಡೀ ಮೈದಾನಕ್ಕೆ ಕೇಳುವ ಹಾಗೆ ಬಂದುಬಿಟ್ಟಿತು, ಮೇಷ್ಟ್ರು ಪೆನ್ನು ಬಿಟ್ಟು ಗಡಿಯಾರ ಹಿಡಿದು ಬಂದರು, ಅತ್ತ ಅವಳು ಟೇಪಿನ ತುದಿ ಬಿಟ್ಟಳು, ಬಗ್ಗಿದಳು, ನೂರು ಮೀಟರಿನಾಚೆಯಿಂದ ಕಾಣುವ ಮಾತೇ ಅಲ್ಲ, ಕಾಣುತ್ತಿದೆ, ಸುಣ್ಣ ಮೆತ್ತಿದ ಹೆಬ್ಬೆರಳು, ಗೆರೆಗೆ ಒಂದು ಕೂದಲೆಳೆ ಹಿಂದೆ, ಮಣ್ಣು ಕಚ್ಚಿಕೊಂಡು, ಹೆಬ್ಬೆರಳು —