ಮೇಷ್ಟ್ರು ಹಾಕಿದ ಗಾಳ

ಒಂಬತ್ತನೇ ತರಗತಿಗೆ ಸೈಬರ್ ಸುರಕ್ಷತೆಯ ಪಾಠ ಶುರುವಾಗಿ ಎರಡು ತಿಂಗಳಾಗಿತ್ತು. ಕಂಪ್ಯೂಟರ್ ಮೇಷ್ಟ್ರು ಬಾಯಿ ನೋಯುವಷ್ಟು ಹೇಳಿದರೂ ಮಕ್ಕಳು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಬಿಸಿ ಮುಟ್ಟಿಸದೆ ಇವು ಕಲಿಯುವುದಿಲ್ಲ ಎಂದುಕೊಂಡ ಮೇಷ್ಟ್ರು ಶನಿವಾರ ಒಂದು ಹೊಸ ನಂಬರಿನಿಂದ ಮೂವತ್ತೆಂಟು ಮಕ್ಕಳ ಫೋನಿಗೂ ಒಂದು ಸುಳ್ಳು ಸಂದೇಶ ಬಿಟ್ಟರು: 'ನಿನ್ನ ಫೋಟೋ ನನ್ನ ಹತ್ತಿರ ಇದೆ. ಕೆಳಗೆ ಒತ್ತಿ ಪಾಸ್‌ವರ್ಡ್ ಬರೆಯದಿದ್ದರೆ ಎಲ್ಲರಿಗೂ ಕಳಿಸುತ್ತೇನೆ.' ಬಹಳ ಬುದ್ಧಿವಂತರು ನಮ್ಮ ಮೇಷ್ಟ್ರು.

ಸೋಮವಾರ ಮೊದಲ ಪೀರಿಯಡ್ಡು. ಬಂದ ಉತ್ತರಗಳನ್ನು ಮೊದಲೇ ನೋಡಿದರೆ ಮಜಾ ಇರುವುದಿಲ್ಲವೆಂದು, ತೆರೆಯದೇ ತಂದು ನೇರ ಗೋಡೆಯ ಪರದೆಗೆ ಹಾಕಿದರು.

"ಯಾರ್ಯಾರು ಟೋಪಿ ಹಾಕಿಸ್ಕೊಂಡಿದೀರಿ, ನೋಡೋಣ."

ಹೆಸರು, ಪಕ್ಕದಲ್ಲಿ ಪಾಸ್‌ವರ್ಡು. ಒಬ್ಬನದು ಅವನ ನಾಯಿಯ ಹೆಸರು, ಇನ್ನೊಬ್ಬಳದು ಒಂದರಿಂದ ಎಂಟು. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಷ್ಟ್ರೂ ನಕ್ಕರು. ಏಳನೇ ಸಾಲಿನಲ್ಲಿ ಪಾಸ್‌ವರ್ಡ್ ಇರಲಿಲ್ಲ. ಕಿಟಕಿ ಪಕ್ಕ ಕೂರುವ ಮೆತ್ತಗಿನ ಹುಡುಗಿಯ ಹೆಸರಿನೆದುರು ಉದ್ದಕ್ಕೆ ಬರೆದಿತ್ತು: 'ಕೇಳಿದ ಫೋಟೋ ಎಲ್ಲಾ ಕಳಿಸಿದೀನಲ್ಲ. ಈಗ ಬೇರೆ ನಂಬರಿಂದ ಯಾಕೆ ಹೆದರಿಸ್ತೀಯ? ಅಮ್ಮನಿಗೆ ಮಾತ್ರ ಕಳಿಸ್ಬೇಡ. ಕೈ ಮುಗೀತೀನಿ.'

ಮುಂದಿನ ಬೆಂಚಿನವನು ಅದನ್ನು ಜೋರಾಗಿ ಓದಿಯೇ ಬಿಟ್ಟ. ಮೇಷ್ಟ್ರು ಕಂಪ್ಯೂಟರಿನತ್ತ ಧಾವಿಸಿದರು. ಪರದೆ ಆರಿಸಲು ತಡಕಾಡುವಷ್ಟರಲ್ಲಿ ಎಲ್ಲ ತಲೆಗಳೂ ಕಿಟಕಿಯ ಕಡೆ ತಿರುಗಿದ್ದವು. ಹುಡುಗಿ ಚೀಲವನ್ನೂ ತೆಗೆದುಕೊಳ್ಳದೆ ಎದ್ದು ಓಡಿದಳು. ಹಿಂದೆಯೇ ಓಡಿದ ಮೇಷ್ಟ್ರಿಗೆ ಗೇಟಿನಾಚೆ ಬರೀ ರಸ್ತೆ ಕಂಡಿತು.

ಶಾಲೆಯಿಂದ ಫೋನು ಹೋಗಿ, ಹನ್ನೊಂದಕ್ಕೆ ತಾಯಿ ಬಂದಳು. ಹೊಲಿಗೆ ಕೆಲಸದಿಂದ ಎದ್ದು ಬಂದವಳು. ಟೇಪು ಇನ್ನೂ ಕೊರಳಲ್ಲೇ ಇತ್ತು. ಮಗಳು ಮನೆಗೂ ಹೋಗಿರಲಿಲ್ಲ. ಬೆಳಿಗ್ಗೆ ಅವಳು ಮನೆಯಲ್ಲೇ ಬಿಟ್ಟು ಬಂದಿದ್ದ ಫೋನು ಮಾತ್ರ ತಾಯಿಯ ಕೈಯಲ್ಲಿತ್ತು.

"ಮೇಷ್ಟ್ರೇ, ಶನಿವಾರದಿಂದ ಒಂದು ತುತ್ತು ತಿಂದಿಲ್ಲ ಅವಳು. ಈ ಮೆಸೇಜು ಬಂದಾಗಿಂದ. ನಿಮಗೆ ಇದೆಲ್ಲ ಗೊತ್ತಲ್ಲ, ಯಾರು ಕಳಿಸಿದ್ದು ಹೇಳಿ."

ಫೋನಿನಲ್ಲಿದ್ದುದು ಮೇಷ್ಟ್ರೇ ಬರೆದ ಸಾಲು. ನಿಜವಾಗಿಯೂ ಹೆದರಿಸಿ ಫೋಟೋ ತರಿಸಿಕೊಂಡವನ ನಂಬರೂ ಅದೇ ಫೋನಿನೊಳಗೆ ಎಲ್ಲೋ ಇರಬೇಕು. ಹುಡುಗಿ ಅವನ ಹತ್ತಿರವೇ ಹೋಗಿದ್ದರೆ, ಒಂದೊಂದು ನಿಮಿಷವೂ ಬೇಕಿತ್ತು. ಸುಳ್ಳು ಹೇಳಲು ಮೇಷ್ಟ್ರಿಗೆ ನಾಲಿಗೆ ಏಳಲಿಲ್ಲ.

"ಅದನ್ನ ಕಳಿಸಿದ್ದು ನಾನಮ್ಮ. ಪಾಠಕ್ಕೆ ಅಂತ."

ತಾಯಿ ಫೋನಿನಲ್ಲಿದ್ದ ಸಾಲನ್ನು ಇನ್ನೊಮ್ಮೆ ಓದಿದಳು.

"ಹಾಗಾದ್ರೆ ಅವಳ ಫೋಟೋ ನಿಮ್ಮ ಹತ್ರ ಇದೆ."

"ಇಲ್ಲಮ್ಮ, ಅವನು ಬೇರೆ ಯಾರೋ. ಬೇಗ ಫೋನು ಕೊಡಿ, ನಂಬರು ಹುಡುಕ್ತೀನಿ," ಎಂದು ಮೇಷ್ಟ್ರು ಕೈ ಚಾಚಿದರು.

ಅವಳು ಫೋನನ್ನು ಎದೆಗೆ ಅವುಚಿಕೊಂಡು ಬಾಗಿಲಿನವರೆಗೂ ಹಿಂದೆ ಸರಿದಳು.