ಹಾಲುಬಾಯಿ ತೇಲಿದ ದಿನ

ಸೌಜನ್ಯಳನ್ನು ನೋಡಲು ತುಮರಿಯಿಂದ ಗಂಡಿನ ಕಡೆಯವರು ಹೊರಟಾಗಿತ್ತು. ಹೊನ್ನೆಮರಡಿನ ಮನೆಯಲ್ಲಿ ಅವಳ ತಾಯಿ ಮೀನಾಕ್ಷಮ್ಮ ಅಕ್ಕಿಹಾಲು, ಬೆಲ್ಲ ಕಾಯಿಸಿ ಬೋಗುಣಿಗೆ ಸುರಿದಿದ್ದ ಸಿಹಿತಿಂಡಿ ಹಾಲುಬಾಯಿ ಮಾತ್ರ ಇನ್ನೂ ಹಬೆಯಾಡುತ್ತಿತ್ತು. ಆರಿ ಗಟ್ಟಿಯಾಗದೆ ಕತ್ತರಿಸುವಂತಿರಲಿಲ್ಲ. ಕರೆಂಟೂ ಹೋಗಿತ್ತು.

ಮೀನಾಕ್ಷಮ್ಮ ಬೋಗುಣಿಯನ್ನು ನೀರಿನ ಬಾನಿಯಲ್ಲಿಟ್ಟಳು. ಸ್ವಲ್ಪ ಹೊತ್ತಿಗೆ ಬಾನಿಯ ನೀರೇ ಬೆಚ್ಚಗಾಯಿತು; ಹಾಲುಬಾಯಿ ಹಾಗೆಯೇ ಇತ್ತು.

ಸಾಗರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸೌಜನ್ಯ ಸೀರೆಯ ನೆರಿಗೆ ಹಿಡಿದುಕೊಂಡೇ ಹೊರಬಂದಳು.

"ನಿಂತ ನೀರಲ್ಲಿ ಇಟ್ರೆ ಹಿಂಗೇ ಆಗೋದು ಅಮ್ಮಾ. ಪಾತ್ರೆ ಸುತ್ತ ನೀರು ಬಿಸಿಯಾಗಿ ಅಲ್ಲೇ ಕೂತಿರುತ್ತೆ. ಹಿತ್ಲ ಕಾಲುವೇಲಿ ಇಡು. ಹರಿಯೋ ನೀರು ಬಿಸಿನ ಹೊತ್ಕಂಡು ಹೋಗ್ತಾ ಇರುತ್ತೆ, ಹಿಂದಿಂದ ತಣ್ಣೀರು ಬರ್ತಾ ಇರುತ್ತೆ."

ಹಾಗೇ ಮಾಡಿದರು. ಹಾಲುಬಾಯಿಯ ಅಂಚು ಗಟ್ಟಿಯಾಗತೊಡಗಿತು. ಕಾವಲಿಗೆ ಕೂತ ಅಪ್ಪ ಹೂವಪ್ಪನಿಗೆ ಉತ್ಸಾಹ ಬಂತು.

"ನೀರು ಇನ್ನೂ ಜೋರಾಗಿ ಹರಿದ್ರೆ ಇನ್ನೂ ಬೇಗ ಆರ್ತದಲ್ಲ?"

"ಆರುತ್ತೆ ಅಪ್ಪಾ, ಆದ್ರೆ..."

'ಆದ್ರೆ'ಯ ಮುಂದಿನದನ್ನು ಕೇಳಲು ಹೂವಪ್ಪ ನಿಲ್ಲಲಿಲ್ಲ. ಕಾಲುವೆಯ ಮೇಲ್ಗಡೆಗೆ ಹೋಗಿ, ನೀರು ತಡೆದಿದ್ದ ಹಲಗೆಯನ್ನು ಪೂರ್ತಿ ಎತ್ತಿಬಿಟ್ಟ. ನೀರು ನುಗ್ಗಿತು. ಬೋಗುಣಿ ಗಿರ್ರನೆ ಒಂದು ಸುತ್ತು ತಿರುಗಿ ಗದ್ದೆಯ ಕಡೆ ತೇಲಿ ಹೊರಟಿತು.

"ಅಯ್ಯೋ, ಹಿಡೀರಿ ಅದ್ನ! ಹೋಯ್ತು, ಹೋಯ್ತು!" ಮೀನಾಕ್ಷಮ್ಮ ಕೂಗಿದಳು. ಹೂವಪ್ಪ ಪಂಚೆ ಎತ್ತಿ ಕಟ್ಟಿ ಓಡಿದ. ಸೌಜನ್ಯ ಅವನನ್ನೂ ದಾಟಿ ಓಡಿದಳು.

ಅಷ್ಟರಲ್ಲಿ ಕೆಳಗೆ ಕಾಲುವೆಯ ಮೇಲಿನ ಸಂಕ ದಾಟುತ್ತಿದ್ದ ಗಂಡಿನ ಕಡೆಯವರಿಗೆ, ತಮ್ಮತ್ತಲೇ ತೇಲಿ ಬರುವ ಬೋಗುಣಿ ಕಂಡಿತು. ಗಂಡು ದುರ್ಗೇಶ್ ಹೊಸ ಪ್ಯಾಂಟಿನ ಸಮೇತ ನೀರಿಗೆ ಹಾರಿ, ಜಾರಿ ಬಿದ್ದು, ಎದ್ದು, ಬೋಗುಣಿಯನ್ನು ಹಿಡಿದೇಬಿಟ್ಟ. ಒಳಗೆ ಒಂದು ಹನಿ ನೀರೂ ಹೋಗಿರಲಿಲ್ಲ.

"ಇದು ನಿಮ್ದಾ?" ಎಂದು ಓಡಿ ಬಂದವಳನ್ನು ಕೇಳಿದ.

"ನಿಮ್ಗೇ ಮಾಡಿದ್ದು," ಎಂದಳು ಏದುಸಿರು ಬಿಡುತ್ತ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಮನೆಗೆ ಬರುವಷ್ಟರಲ್ಲಿ ಕರೆಂಟು ಬಂತು. ಒದ್ದೆಯಾದ ಹುಡುಗನ ಮೇಲಿನ ಕನಿಕರಕ್ಕೆ ಮೀನಾಕ್ಷಮ್ಮ ಫ್ಯಾನನ್ನು ಪೂರ್ತಿ ಜೋರು ಮಾಡಿದಳು. ದುರ್ಗೇಶನ ಹಲ್ಲು ಕಟಕಟ ಎನ್ನತೊಡಗಿತು. ಸೌಜನ್ಯ ಓಡಿ ಫ್ಯಾನ್ ಆರಿಸಿದಳು.

"ಗಾಳಿ ಜೋರಾದಷ್ಟೂ ಇವ್ರ ಮೈಬಿಸಿ ಬೇಗ ಹೋಗುತ್ತಮ್ಮಾ! ಅಪ್ಪನ ಪಂಚೆ ಒಂದು ತಂದ್ಕೊಡು."

"ನೋಡೋ ಶಾಸ್ತ್ರ ಮುಗಿಯೋಕೆ ಮುಂಚೆನೇ ನನ್ ಮಗನ್ನ ನೋಡ್ಕಳಕ್ಕೆ ಶುರು ಮಾಡಿದ್ಯಲ್ಲೇ!" ಎಂದಳು ದುರ್ಗೇಶನ ತಾಯಿ ಕನ್ನಮ್ಮ. ಸೌಜನ್ಯ ಕೆಂಪಾದಳು.

ಕತ್ತರಿಸಿದ ಹಾಲುಬಾಯಿ ಬೋಗುಣಿಯಿಂದ ಚೆನ್ನಾಗಿಯೇ ಬಿಟ್ಟುಕೊಂಡಿತು. ಹೂವಪ್ಪನ ಪಂಚೆಯಲ್ಲಿ ಕೂತ ದುರ್ಗೇಶ್ ಕೇಳಿ ಕೇಳಿ ಹಾಕಿಸಿಕೊಂಡ. ಹೊರಡುವಾಗ ಬಾಗಿಲ ಬಳಿ ಸೌಜನ್ಯಳಿಗೆ ಮೆಲ್ಲಗೆ ಹೇಳಿದ:

"ಪಂಚೆ ವಾಪಸ್ ಕೊಡ್ಬೇಕಲ್ಲ. ನಿಮ್ ನಂಬರ್ ಕೊಡ್ತೀರಾ?"

ಅವಳು ಕೊಟ್ಟಳು.